ಕಾಲಿಡುವಂತಿಲ್ಲದ ಹಸಿರು ದಾರಿ

ಮಾರನಹಳ್ಳಿ ದಾಟಿದರೆ ಶಿರಾಡಿ ಘಾಟಿಯ ಇಳಿಜಾರು. ಹೆದ್ದಾರಿಯ ಮಗ್ಗುಲಲ್ಲಿ ಕೆಂಪುಹೊಳೆ, ಹೊಳೆಯಾಚೆ ಹಗಲಲ್ಲೂ ಕಪ್ಪಗೆ ಕಾಣುವ ಕಾಡು. ಆ ಕಾಡಿನೊಳಗೇ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲುಮಾರ್ಗ ಹಾದುಹೋಗಿದೆ. ಚಾರಣಿಗರ ಬಾಯಲ್ಲಿ ಅದು ‘ಗ್ರೀನ್ ರೂಟ್’. ಒಂದು ಕಾಲಕ್ಕೆ ಬೆನ್ನಚೀಲ ಹೊತ್ತವರು ದೋಣಿಗಾಲ್‌ನಲ್ಲಿ ಹಳಿಗಿಳಿದು, ಎಡಕುಮೇರಿ ನಿಲ್ದಾಣದಲ್ಲಿ ಮಲಗೆದ್ದು, ಹೊಳೆ ದಾಟಿ ಹೆದ್ದಾರಿ ಸೇರುತ್ತಿದ್ದರು. ಈಗ ಅಲ್ಲಿ ನಡೆದರೆ ಕೇಸು.

ಈ ದಾರಿ ಚಾರಣಿಗರ ಪಾಲಾದದ್ದು ರೈಲಿಲ್ಲದ ಕಾಲದಲ್ಲಿ. 1979ರಲ್ಲಿ ಮೀಟರ್‌ಗೇಜ್ ಆಗಿ ಆರಂಭವಾದ ಮಾರ್ಗ, ಗೇಜ್ ಪರಿವರ್ತನೆಗೆಂದು 1996ರಲ್ಲಿ ಮುಚ್ಚಿತು. 2006ರಲ್ಲಿ ಗೂಡ್ಸ್, ಮರುವರ್ಷ ಪ್ರಯಾಣಿಕರ ರೈಲು ಮರಳಿದವು. ಆದರೆ ಹಳಿ ಹಿಡಿದು ನಡೆಯುವ ರೂಢಿ ಮಾತ್ರ ಬಿಡಲಿಲ್ಲ.

ನಿಷೇಧ ಯಾಕೆಂದು ಅರಿಯಲು ಒಂದು ಸೇತುವೆ ಸಾಕು. ಸ್ಲೀಪರ್‌ಗಳ ಸಂದಿನಲ್ಲಿ ಕೆಳಗಿನ ಕಮರಿ ನೇರ ಕಾಣುತ್ತದೆ. ನಡುವೆ ರೈಲು ಬಂದರೆ ಓಡಲು ಜಾಗವಿಲ್ಲ. ಸುಮಾರು 55 ಕಿ.ಮೀ.ನಲ್ಲಿ ಇಂಥ 109 ಸೇತುವೆಗಳು, ಜೊತೆಗೆ 57 ಸುರಂಗಗಳು. ಸುರಂಗದೊಳಗೆ ಗೋಡೆಗೂ ಬೋಗಿಗೂ ನಡುವೆ ಉಳಿಯುವುದು ಅತ್ಯಲ್ಪ ಜಾಗ. ಐವತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ಹಳಿಯ ಮೇಲೆ ತುಂಬಿದ ಗೂಡ್ಸ್ ರೈಲನ್ನು ಥಟ್ಟನೆ ನಿಲ್ಲಿಸುವುದೂ ಆಗದ ಮಾತು. ಮೇಲಾಗಿ ಇದು ಆನೆಗಳ ಸೀಮೆ, ಸುತ್ತ ಮೀಸಲು ಅರಣ್ಯ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಾಗಂತ ನೋಡುವುದಕ್ಕೇನೂ ಅಡ್ಡಿಯಿಲ್ಲ. ಯಶವಂತಪುರ–ಮಂಗಳೂರು ನಡುವಿನ ಹಗಲು ರೈಲುಗಳಿಗೆ 2021ರ ಜುಲೈನಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸೇರಿತು. ಘಾಟಿಯಲ್ಲಿ ರೈಲು ನಿಧಾನಕ್ಕೇ ಸಾಗುವುದರಿಂದ ಮಳೆಗಾಲದ ಝರಿಗಳು ಒಂದೊಂದಾಗಿ ಎದುರಾಗುತ್ತವೆ.

ರಸ್ತೆಯ ಸಂಪರ್ಕವಿಲ್ಲದ ಎಡಕುಮೇರಿಗೆ ಸಿಬ್ಬಂದಿ ಹೋಗಿಬರುವುದೂ ರೈಲಿನಲ್ಲೇ. 2024ರ ಜುಲೈನಲ್ಲಿ ಅದಕ್ಕೂ ಕಡಗರವಳ್ಳಿಗೂ ನಡುವೆ ಗುಡ್ಡ ಕುಸಿದು ಸಂಚಾರ ದಿನಗಟ್ಟಲೆ ನಿಂತಿತ್ತು. ಮಳೆ ಹಿಡಿದರೆ ಗ್ಯಾಂಗ್‌ಮನ್‌ಗಳು ಟಾರ್ಚ್ ಹಿಡಿದು ರಾತ್ರಿಯಿಡೀ ಹಳಿ ಗಸ್ತು ತಿರುಗುತ್ತಾರೆ. ಈ ದಾರಿಯಲ್ಲಿ ನಡೆಯುವ ಹಕ್ಕು ಇವತ್ತು ಇರುವುದು ಅವರಿಗೆ. ಅವರಿಗದು ಚಾರಣವಲ್ಲ, ಪಾಳಿ.