ಹೊಸದಾಗಿ ಕಟ್ಟಿದ ಎಂಜಿನ್‌ಗೆ ಯಾವ ಆಯಿಲ್? ಬೆಲೆ ನೋಡ್ಬೇಡಿ, ಡಬ್ಬಿಯ ಹಿಂಬದಿ ಓದಿ

ಬೋರ್ ಮಾಡಿಸಿ, ದೊಡ್ಡ ಪಿಸ್ಟನ್ ಕೂರಿಸಿ, ಲಿಫ್ಟ್ ಜಾಸ್ತಿ ಇರೋ ಕ್ಯಾಮ್ ಹಾಕಿಸಿ ಎಂಜಿನ್ ಕಟ್ಟಿಸಿದ್ದೀರಿ ಅಂದುಕೊಳ್ಳಿ. ತಿಂಗಳುಗಟ್ಟಲೆ ಉಳಿಸಿದ ಸಂಬಳ ಅದರೊಳಗಿದೆ. ಈಗ ಉಳಿದಿರೋದು ಒಂದೇ ಪ್ರಶ್ನೆ: ಮೊದಲ ಸಲ ಯಾವ ಆಯಿಲ್ ಹಾಕೋದು? ಅಂಗಡಿಯವರು ಅತಿ ದುಬಾರಿ ಫುಲ್ ಸಿಂಥೆಟಿಕ್ ಡಬ್ಬಿ ಇಳಿಸಿ, "ಇಷ್ಟೆಲ್ಲಾ ಖರ್ಚು ಮಾಡಿದ್ದೀರಿ, ಇದೊಂದಕ್ಕೆ ಯಾಕೆ ಸಾರ್ ಲೆಕ್ಕ?" ಅಂತಾರೆ. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಮೊದಲ ಕೆಲವು ಗಂಟೆಗಳಲ್ಲಿ ಎಂಜಿನ್‌ಗೆ ಬೇಕಿರೋದು ಬೇರೆಯೇ.

ಸವೆಯಲೇಬೇಕಾದ ಜಾಗ

ಬೋರ್ ಮಾಡಿದ ಸಿಲಿಂಡರಿನ ಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ಅದು ಗೀರುಗಳ ಜಾಲ. ಹೋನಿಂಗ್ ಮಾಡುವವರು ಬೇಕೆಂದೇ ಅಡ್ಡಡ್ಡ ಗೀರು ಎಳೆದಿರುತ್ತಾರೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲಬೇಕು, ಏಣುಗಳು ರಿಂಗಿಗೆ ಉಜ್ಜಿ ಸವೆದು ಸಮವಾಗಬೇಕು. ಆಗಲೇ ರಿಂಗ್ ಗೋಡೆಗೆ ಸರಿಯಾಗಿ ಕೂತು ಕಂಪ್ರೆಷನ್ ಸೋರದೆ ನಿಲ್ಲೋದು.

ಅಂದ್ರೆ ರನ್ನಿಂಗ್-ಇನ್ ಅನ್ನೋದು ಹದವರಿತ ಸವೆತ. ಘರ್ಷಣೆಯನ್ನ ಆದಷ್ಟೂ ತಗ್ಗಿಸೋ ರಾಸಾಯನಿಕಗಳು ತುಂಬಿದ ಆಯಿಲ್ ಹಾಕಿದರೆ ಈ ಸವೆತ ನಿಧಾನವಾಗುತ್ತೆ. ರಿಂಗ್ ಬೇಗ ಕೂರದಿದ್ದರೆ ಗೋಡೆಗಂಟಿದ ಆಯಿಲ್ ಸುಟ್ಟು, ವಾರ್ನಿಷ್ ಬಳಿದಂತೆ ಗೀರುಗಳನ್ನ ಮುಚ್ಚಬಹುದು. ಮೆಕ್ಯಾನಿಕ್‌ಗಳು ಇದನ್ನ ಗ್ಲೇಜ್ ಅಂತಾರೆ. ಆಮೇಲೆ ನೀಲಿ ಹೊಗೆ, ಪದೇಪದೇ ಇಳಿಯುವ ಆಯಿಲ್ ಮಟ್ಟ, ಕೈಗೆ ಸಿಗದ ಪವರ್. ಇದಕ್ಕೆ ಔಷಧಿ ಬಾಟಲಿಯಲ್ಲಿಲ್ಲ. ಎಂಜಿನ್ ಬಿಚ್ಚಿ ಮತ್ತೆ ಹೋನ್ ಮಾಡಿಸಬೇಕು.

ಸವೆಯಲೇಬಾರದ ಜಾಗ

ಅದೇ ಎಂಜಿನ್ನಿನ ಕ್ಯಾಮ್ ಮತ್ತು ಟ್ಯಾಪೆಟ್ ಕಥೆ ಪೂರ್ತಿ ಉಲ್ಟಾ. ರೋಲರ್ ಇಲ್ಲದ ಚಪ್ಪಟೆ ಟ್ಯಾಪೆಟ್ ಇದ್ದರೆ, ಗಟ್ಟಿ ಸ್ಪ್ರಿಂಗಿನ ಒತ್ತಡವೆಲ್ಲ ಕೂದಲೆಳೆಯಷ್ಟು ಜಾಗದ ಮೇಲೆ ಬೀಳುತ್ತೆ. ಅಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯೋದು ಝಡ್‌ಡಿಡಿಪಿ ಎಂಬ ಸತು–ರಂಜಕದ ಸಂಯುಕ್ತ. ಗ್ಯಾರೇಜ್ ಭಾಷೆಯಲ್ಲಿ ಸುಮ್ಮನೆ 'ಜಿಂಕ್'. ಬಿಸಿ ಮತ್ತು ಒತ್ತಡಕ್ಕೆ ಅದು ಲೋಹದ ಮೇಲೆ ತೆಳು ಪದರ ಕಟ್ಟಿ, ಲೋಹದ ಬದಲು ತಾನು ಸವೆಯುತ್ತೆ.

ಹಾಗಾಗಿ ರನ್ನಿಂಗ್-ಇನ್‌ಗೆಂದೇ ಮಾಡಿದ ಆಯಿಲ್‌ಗಳಲ್ಲಿ ಜಿಂಕ್ ಜಾಸ್ತಿ. ಘರ್ಷಣೆ ತಗ್ಗಿಸೋ ಪದಾರ್ಥ ಮತ್ತು ಡಿಟರ್ಜೆಂಟ್ ಕಡಿಮೆ, ಯಾಕಂದ್ರೆ ಲೋಹದ ಮೇಲೆ ಜಾಗ ಹಿಡಿಯೋಕೆ ಡಿಟರ್ಜೆಂಟ್ ಕೂಡ ಜಿಂಕ್ ಜೊತೆ ಪೈಪೋಟಿ ಮಾಡುತ್ತೆ.

ಜಿಂಕ್ ಕಡಿಮೆ ಆಗಿದ್ದು ಯಾಕೆ?

ಇಲ್ಲಿ ಸ್ವಲ್ಪ ರಾಜಕಾರಣವೂ ಇದೆ. ಈ ಸಂಯುಕ್ತದ ರಂಜಕ ಹೊಗೆಯ ಜೊತೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನ ನಿಧಾನವಾಗಿ ಕೆಡಿಸುತ್ತೆ. ಹೊಗೆ ನಿಯಮ ಬಿಗಿಯಾದಂತೆ ಆಯಿಲ್ ಮಾನದಂಡವೂ ಬದಲಾಯಿತು. 2004ರಲ್ಲಿ ಬಂದ ಎಪಿಐ ಎಸ್‌ಎಂ ದರ್ಜೆ, 5ಡಬ್ಲ್ಯೂ-30 ತರಹದ ತೆಳು ಕಾರ್ ಆಯಿಲ್‌ಗಳಲ್ಲಿ ರಂಜಕಕ್ಕೆ 0.08% ಮಿತಿ ಹಾಕಿತು. ಅದಕ್ಕೂ ಮುಂಚೆ ಮಿತಿ 0.10% ಇತ್ತು.

ಅಮೆರಿಕದಲ್ಲಿ ಹಳೇ ವಿ8 ಎಂಜಿನ್ ಕಟ್ಟುವವರಿಗೆ ಇದರ ಬಿಸಿ ಮೊದಲು ತಟ್ಟಿತು. ಹೊಸ ಕ್ಯಾಮ್‌ಗಳು ಮೊದಲ ಅರ್ಧ ಗಂಟೆಯಲ್ಲೇ ಸವೆದು ಹೋದ ದೂರುಗಳು ಬಂದವು. ಕಳಪೆ ಟ್ಯಾಪೆಟ್‌ಗಳ ಪಾಲೂ ಅದರಲ್ಲಿತ್ತು, ತಪ್ಪೆಲ್ಲ ಆಯಿಲ್‌ನದ್ದಲ್ಲ. ಆದರೂ "ಪರಿಸರದ ಹೆಸರಲ್ಲಿ ಆಯಿಲ್ ಹಾಳು ಮಾಡಿದ್ರು" ಅನ್ನೋ ಗೊಣಗಾಟ ಇನ್ನೂ ನಿಂತಿಲ್ಲ. ನಿಯಮ ತಪ್ಪಲ್ಲ. ಕೋಟ್ಯಂತರ ಜನ ಉಸಿರಾಡೋ ಗಾಳಿಯ ಮುಂದೆ ಕೆಲವರ ಹಳೇ ಎಂಜಿನ್ ದೊಡ್ಡದಲ್ಲ. ಬದಲಾಗಿದ್ದು ಏನು ಅನ್ನೋದನ್ನ ಕೊಳ್ಳುವವರಿಗೆ ಸರಳವಾಗಿ ತಿಳಿಸದೇ ಹೋಗಿದ್ದು ತಪ್ಪು. ಆ ಮಿತಿ 10ಡಬ್ಲ್ಯೂ-40, 20ಡಬ್ಲ್ಯೂ-50 ತರಹದ ದಪ್ಪ ಗ್ರೇಡ್‌ಗಳಿಗೆ ಅನ್ವಯಿಸೋದೇ ಇಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಡಬ್ಬಿಯಲ್ಲಿ ಏನು ಓದಬೇಕು?

ಬೈಕ್ ಎಂಜಿನ್ ಆಗಿದ್ದರೆ ಜಾಸೋ ಎಂಎ ಅಥವಾ ಎಂಎ2 ಗುರುತು ಹುಡುಕಿ. ನಮ್ಮ ಬಹುತೇಕ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕ್ಲಚ್ ಜಾರಬಾರದು ಅನ್ನೋದಕ್ಕೇ ಈ ಜಪಾನಿ ಮಾನದಂಡ ಇರೋದು. ಅದರಲ್ಲಿ ರಂಜಕ 0.08ರಿಂದ 0.12% ಇರಬೇಕು ಅನ್ನೋ ಷರತ್ತೂ ಇದೆ. ಸ್ಕೂಟರ್‌ಗಳಿಗೆಂದು ಬರುವ ಎಂಬಿ ಬೇಡ. 'ರಿಸೋರ್ಸ್ ಕನ್ಸರ್ವಿಂಗ್' ಅಂತ ಬರೆದಿದ್ದರೂ ಬೇಡ. ಅದು ಇಂಧನ ಉಳಿಸಲು ಘರ್ಷಣೆ ತಗ್ಗಿಸಿದ ಕಾರ್ ಆಯಿಲ್.

ಹಳೇ ಬುಲೆಟ್‌ನಂಥ ಪುಷ್‌ರಾಡ್ ಎಂಜಿನ್‌ಗೆ ಕಂಪನಿ ಹೇಳಿದ ಗ್ರೇಡಿನ ಸಾದಾ ಮಿನರಲ್ ಆಯಿಲ್, ಮೇಲಿನ ಗುರುತಿನ ಜೊತೆ, ಸಾಕು. ಮೇಲಿಂದ ಇನ್ನೊಂದು ಜಿಂಕ್ ಬಾಟಲಿ ಸುರಿಯೋದು ಬೇಡ. ಅಳತೆ ಮೀರಿದರೆ ಆಯಿಲ್‌ನ ಸಮತೋಲನವೇ ಕೆಡುತ್ತೆ. ಆರ್‌ಎಕ್ಸ್100ನಂಥ ಟೂ-ಸ್ಟ್ರೋಕ್‌ಗಳ ಲೆಕ್ಕ ಬೇರೆ, ಈ ಮಾತು ಅವಕ್ಕಲ್ಲ.

ಹಾಗಂತ ಸಿಂಥೆಟಿಕ್ ಮುಟ್ಟಿದರೆ ಎಂಜಿನ್ ಹಾಳು ಅನ್ನೋದೂ ಅರ್ಧ ಸತ್ಯ. ಷೆವ್ರೊಲೆ ಕಾರ್ವೆಟ್ 1992ರಿಂದಲೇ ಫ್ಯಾಕ್ಟರಿಯಲ್ಲೇ ಸಿಂಥೆಟಿಕ್ ತುಂಬಿಸಿಕೊಂಡು ಬರುತ್ತಿದೆ. ಫ್ಯಾಕ್ಟರಿಯ ಹೋನಿಂಗ್ ಯಂತ್ರ ಏಣುಗಳನ್ನ ಮೊದಲೇ ಸವರಿ ಕಳಿಸುತ್ತೆ. ನಮ್ಮ ಬೋರಿಂಗ್ ಅಂಗಡಿಯಲ್ಲಿ ಆ ಕೆಲಸ ಅಷ್ಟು ನಯವಾಗಿ ಆಗಿದೆ ಅನ್ನೋ ಭರವಸೆ ಇಲ್ಲದಿದ್ದರೆ ಮಿನರಲ್‌ನಿಂದ ಶುರು ಮಾಡೋದೇ ಕ್ಷೇಮ. ಕ್ಯಾಮ್ ಅಥವಾ ಪಿಸ್ಟನ್ ಕಂಪನಿ ಇಂಥದ್ದೇ ಆಯಿಲ್ ಅಂತ ಬರೆದು ಕೊಟ್ಟಿದ್ದರೆ ಆ ಮಾತೇ ಕೊನೆ.

ಹಾಕಿದ ಮೇಲೆ

ಆಯಿಲ್ ಎಷ್ಟು ಒಳ್ಳೇದಾದರೂ ಓಡಿಸೋ ರೀತಿ ಕೆಟ್ಟರೆ ಪ್ರಯೋಜನವಿಲ್ಲ. ಸ್ಟಾರ್ಟ್ ಮಾಡೋ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಕ್ರ್ಯಾಂಕ್ ತಿರುಗಿಸಿ, ಆಯಿಲ್ ಮೇಲೆ ಹತ್ತಿದೆಯಾ ನೋಡಿ. ಮನೆ ಮುಂದೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ. ರಿಂಗನ್ನ ಗೋಡೆಗೆ ಒತ್ತೋದು ಉರಿಯುವ ಅನಿಲದ ಒತ್ತಡ, ಐಡಲ್‌ನಲ್ಲಿ ಅದು ಸಾಲದು. ಎಂಜಿನ್ ಬಿಸಿಯಾದ ಮೇಲೆ ಹದವಾಗಿ ಥ್ರಾಟಲ್ ಕೊಡಿ, ಬಿಡಿ, ಮತ್ತೆ ಕೊಡಿ. ಒಂದೇ ವೇಗದಲ್ಲಿ ಹೆದ್ದಾರಿ ಓಟ ಬೇಡ.

ಮೊದಲ ಆಯಿಲ್ ಮತ್ತು ಫಿಲ್ಟರನ್ನ ಮೊದಲ ಓಟ ಮುಗಿದ ಕೂಡಲೇ ಬದಲಿಸೋದು ಎಂಜಿನ್ ಕಟ್ಟುವವರ ರೂಢಿ. ಇನ್ನೊಮ್ಮೆ 500 ಕಿ.ಮೀ. ಆಸುಪಾಸಿನಲ್ಲಿ. ಇಳಿಸಿದ ಆಯಿಲನ್ನ ಬೆಳಕಿಗೆ ಹಿಡಿದು ನೋಡಿ. ನುಣ್ಣನೆ ಬೂದು ಪುಡಿ ಸಹಜ, ಕೈಗೆ ಸಿಗುವ ಚೂರುಗಳಿದ್ದರೆ ಅಲ್ಲೇ ನಿಲ್ಲಿಸಿ. ಇಷ್ಟು ಬೇಗ ಚೆಲ್ಲಬೇಕಾದ ಆಯಿಲ್‌ಗೆ ದುಬಾರಿ ಡಬ್ಬಿ ಯಾಕೆ? ಆ ಹಣ ಎರಡನೇ ಬದಲಾವಣೆಗೆ ಮತ್ತು ಒಳ್ಳೇ ಫಿಲ್ಟರಿಗೆ ಇರಲಿ. ರಿಂಗ್ ಕೂತಮೇಲೆ ಬೇಕಿದ್ದರೆ ಸಿಂಥೆಟಿಕ್ ಹಾಕಿ. ಬಿಎಸ್6 ಬೈಕಾದರೆ ಕಂಪನಿ ಹೇಳಿದ ಆಯಿಲ್‌ಗೇ ಮರಳಿ, ಕನ್ವರ್ಟರ್ ಉಳಿಯುತ್ತೆ.

ಇಳಿಸಿದ ಹಳೇ ಆಯಿಲ್ ಮೋರಿಗೆ ಹೋಗದಿರಲಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಡಬ್ಬಿಗೆ ತುಂಬಿ, ಮರುಸಂಸ್ಕರಣೆಗೆ ಕಳಿಸುವ ವರ್ಕ್‌ಶಾಪಿಗೆ ಕೊಡಿ. ಎಲ್ಲಿಗೆ ಹೋಗುತ್ತೆ ಅಂತ ಕೇಳಿಯೇ ಕೊಡಿ.