ಮಕ್ಕಳ ಭಾವಚಿತ್ರವೂ ಮಡಿಚುವ ಕ್ಯಾಮೆರಾವೂ

ನಮ್ಮ ಮನೆಗಳ ಅಟ್ಟದ ಮೇಲೆ, ಇನ್ನು ಉಪಯೋಗವಿಲ್ಲವೆಂದು ಮೂಲೆ ಸೇರಿದ ವಸ್ತುಗಳ ನಡುವೆ, ಒಮ್ಮೊಮ್ಮೆ ಒಂದು ಕಪ್ಪು ಚರ್ಮದ ಹೊದಿಕೆಯ ಪೆಟ್ಟಿಗೆಯು ದೊರೆಯುವುದುಂಟು. ಅದರ ಗುಂಡಿಯನ್ನೊತ್ತಿದರೆ ಮುಂದಿನ ಮುಚ್ಚಳವು ತೆರೆದುಕೊಳ್ಳುವುದು. ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಚರ್ಮದ ತುದಿಯಲ್ಲಿ ಮಸೂರವೊಂದು ಮುಂದೆ ಬಂದು ನಿಲ್ಲುವುದು. ಇದೇ ನಮ್ಮ ಹಿರಿಯರ ಮಡಿಚುವ ಕ್ಯಾಮೆರಾ. 20ನೆಯ ಶತಮಾನದ ಮೊದಲರ್ಧದಲ್ಲಿ ಕೊಡಕ್, ಆಗ್ಫಾ, ಝೈಸ್ ಇಕಾನ್ ಮೊದಲಾದ ಸಂಸ್ಥೆಗಳು ಇಂತಹವನ್ನು ವಿಪುಲವಾಗಿ ತಯಾರಿಸಿದವು. ನನ್ನ ಪಾಲಿಗೆ ಬಂದುದು ನನ್ನ ಅಜ್ಜನವರದು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಪ್ರಾಂತಗಳಲ್ಲಿ ಅದನ್ನು ಹಿಡಿದು ಮಕ್ಕಳ ಚಿತ್ರಗಳನ್ನು ತೆಗೆಯುತ್ತ ನಾನು ಕಲಿತ ನಾಲ್ಕು ಮಾತುಗಳನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ಯಂತ್ರದ ವಿಚಾರ. ಇಂತಹ ಬಹಳ ಕ್ಯಾಮೆರಾಗಳು 120 ಎಂಬ ಸಂಖ್ಯೆಯ ಸುರುಳಿ ಫಿಲ್ಮನ್ನು ಉಪಯೋಗಿಸುತ್ತವೆ. 1901ರಲ್ಲಿ ಬಳಕೆಗೆ ಬಂದ ಈ ಫಿಲ್ಮು ಇಂದಿಗೂ ತಯಾರಾಗುತ್ತಿದೆ. ಕೊಡಕ್ಕಿನ ಕೆಲವು ಕ್ಯಾಮೆರಾಗಳಿಗೆ ಬೇಕಾದ 620 ಫಿಲ್ಮಾದರೋ 1995ರಲ್ಲಿ ನಿಂತುಹೋಯಿತು; ಅದರ ಅಗಲವೂ 120ರಷ್ಟೇ, ಸುರುಳಿಯ ಕಡ್ಡಿ ಮಾತ್ರ ತೆಳ್ಳಗೆ. ಆದುದರಿಂದ ಕತ್ತಲೆಯಲ್ಲಿ 120ನ್ನೇ ಆ ಕಡ್ಡಿಗೆ ಸುತ್ತಿ ಉಪಯೋಗಿಸಬಹುದು. ನನ್ನ ಕ್ಯಾಮೆರಾದಲ್ಲಿ ಒಂದೊಂದು ಚಿತ್ರವೂ 6 ಸೆಂಟಿಮೀಟರು ಅಗಲ, 9 ಸೆಂಟಿಮೀಟರು ಉದ್ದ. ಒಂದು ಸುರುಳಿಗೆ ಎಂಟೇ ಚಿತ್ರಗಳು. ಬೆನ್ನಿನಲ್ಲಿರುವ ಕೆಂಪು ಕಿಂಡಿಯಲ್ಲಿ ಅಂಕೆಯನ್ನು ನೋಡುತ್ತ ಫಿಲ್ಮನ್ನು ಮುಂದಕ್ಕೆ ತಿರುಗಿಸಬೇಕು. ತಿರುಗಿಸಲು ಮರೆತರೆ ಒಂದು ಮಗುವಿನ ಮುಖದ ಮೇಲೆ ಇನ್ನೊಂದು ಮಗುವಿನ ಮುಖವು ಮೂಡಿ ಎರಡೂ ಕೆಡುವುವು.

ಹಳೆಯ ಕ್ಯಾಮೆರಾವನ್ನು ಹೊರಗೆ ಒಯ್ಯುವ ಮುನ್ನ ಅದರ ತಿದಿಯನ್ನು ಪರೀಕ್ಷಿಸತಕ್ಕದ್ದು. ಕತ್ತಲೆಯ ಕೋಣೆಯಲ್ಲಿ ತಿದಿಯೊಳಗೆ ಸಣ್ಣ ದೀಪವನ್ನು ಹಿಡಿದರೆ, ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದಂತೆ ಹೊಳೆಯುವುದು. ತೂತುಗಳು ಸಾಮಾನ್ಯವಾಗಿ ಮಡಿಕೆಯ ಮೂಲೆಗಳಲ್ಲಿರುತ್ತವೆ. ಜೋಯಿಡಾದಂತಹ ಮಳೆಗಾಡಿನಲ್ಲಿ ಇನ್ನೊಂದು ಶತ್ರುವೆಂದರೆ ಬೂಸು. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಮಸೂರದ ಮೇಲೆ ಅದು ಜೇಡನ ಬಲೆಯಂತೆ ಹಬ್ಬುವುದು. ಗಾಳಿಯಾಡುವ ಒಣ ಸ್ಥಳವೇ ಅದಕ್ಕೆ ಮದ್ದು.

ಇನ್ನು ಮಕ್ಕಳ ವಿಚಾರ. ಮಗುವು ನಿಂತಲ್ಲಿ ನಿಲ್ಲದು. ಈ ಕ್ಯಾಮೆರಾವಾದರೋ ದೂರವನ್ನು ತಾನಾಗಿ ಅಳೆಯದು. ದೂರವನ್ನು ಕಣ್ಣಳತೆಯಿಂದ ನಿರ್ಣಯಿಸಿ, ಅಷ್ಟು ಅಡಿಗಳಿಗೆ ಮಸೂರವನ್ನು ನಾವೇ ತಿರುಗಿಸಬೇಕು. ನನ್ನದರಂತೆ 105 ಮಿಲಿಮೀಟರಿನ ಮಸೂರವುಳ್ಳ ಕ್ಯಾಮೆರಾದಲ್ಲಿ ರಂಧ್ರವನ್ನು 4.5ಕ್ಕೆ ತೆರೆದು ಆರು ಅಡಿ ದೂರದಿಂದ ತೆಗೆದರೆ, ಸ್ಪಷ್ಟವಾಗಿ ಮೂಡುವ ಪ್ರದೇಶವು ಸುಮಾರು ಏಳು ಅಂಗುಲ ಮಾತ್ರ. ಮಗುವು ನಕ್ಕು ಸ್ವಲ್ಪ ಮುಂದೆ ಬಾಗಿದರೂ ಮುಖವು ಮಸುಕಾಗುವುದು. ಎಂಟು ಅಡಿ ಹಿಂದೆ ಸರಿದು ರಂಧ್ರವನ್ನು 11ಕ್ಕೆ ಕಿರಿದುಮಾಡಿದರೆ ಎರಡೂವರೆ ಅಡಿಗೂ ಮಿಕ್ಕಿ ಅವಕಾಶ ದೊರೆಯುವುದು. ನಾನು ಎಂಟು ಅಡಿ ಉದ್ದದ ಒಂದು ದಾರವನ್ನು ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಅದರ ತುದಿಯನ್ನು ಹಿಡಿಯುವ ಕೆಲಸವನ್ನು ಚಿತ್ರಕ್ಕೆ ನಿಲ್ಲುವ ಮಗುವಿಗೇ ಕೊಡುವುದು ಒಳ್ಳೆಯದು. ಅಳತೆಯೂ ಆಯಿತು, ಅಂಜಿಕೆಯೂ ಹೋಯಿತು.

ಬೆಳಕಿಗೆ ಜಗಲಿಯ ಅಂಚೇ ಉತ್ತಮ. ಮಧ್ಯಾಹ್ನದ ಬಿಸಿಲಿನಲ್ಲಿ ಮಕ್ಕಳು ಕಣ್ಣು ಕಿರಿದುಮಾಡುವರು; ಕಣ್ಣಿನ ಕುಳಿಗಳಲ್ಲಿ ನೆರಳು ತುಂಬುವುದು. ತೆರೆದ ಆಕಾಶದ ಬೆಳಕು ಬೀಳುವ ನೆರಳಿನಲ್ಲಿ, 400 ವೇಗದ ಫಿಲ್ಮಿಗೆ 11ರ ರಂಧ್ರವೂ ಸೆಕೆಂಡಿನ 100ನೆಯ ಒಂದು ಭಾಗವೂ ಸಾಮಾನ್ಯವಾಗಿ ಸರಿಹೋಗುತ್ತವೆ. ಆದರೆ ಕಪ್ಪು ಮೈಬಣ್ಣದ ಮಗುವು ಶಾಲೆಯ ಬಿಳಿಯ ಅಂಗಿಯನ್ನು ತೊಟ್ಟಿದ್ದರೆ ಬೆಳಕಿನ ಮಾಪಕವು ಅಂಗಿಯನ್ನು ನೋಡಿ ಮೋಸಹೋಗುತ್ತದೆ. ಆಗ ಅಂಗಿಗಾಗಿ ಅಲ್ಲ, ಮುಖಕ್ಕಾಗಿ ಬೆಳಕನ್ನು ಕೊಡಬೇಕು. 11ರ ಬದಲು 8ಕ್ಕೆ ರಂಧ್ರವನ್ನು ಹಿಗ್ಗಿಸಿದರೆ ಕಣ್ಣು, ಕೆನ್ನೆ, ಮಂದಹಾಸ ಎಲ್ಲವೂ ಮೂಡುವುವು.

ಈ ಮಾತು ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲತಕ್ಕದ್ದು. ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಕಾಡಂಚಿನಲ್ಲಿ ಸಿದ್ದಿ ಜನರ ಊರುಗಳಿವೆ. ಶತಮಾನಗಳ ಹಿಂದೆ ಪೋರ್ಚುಗೀಸರೂ ಇತರ ವರ್ತಕರೂ ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ ಸಂತತಿಯಿವರು. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಛಾಯಾಚಿತ್ರದ ಚರಿತ್ರೆಯು ಇಂತಹ ಮುಖಗಳಿಗೆ ನ್ಯಾಯವನ್ನು ಸಲ್ಲಿಸಿಲ್ಲ. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳು ಪ್ರಕಟವಾದವು. ಅವುಗಳಲ್ಲಿ ನಮ್ಮ ದೇಶದ ಜನರು ಬಹುಮಟ್ಟಿಗೆ ಒಂದೊಂದು ಜಾತಿಯ ಮಾದರಿಗಳಾಗಿ ನಿಂತಿದ್ದಾರೆಯೇ ಹೊರತು ಹೆಸರುಳ್ಳ ಮನುಷ್ಯರಾಗಿ ಅಲ್ಲ. ಬಣ್ಣದ ಫಿಲ್ಮು ಬಂದ ಮೇಲೆಯೂ ಬಹುಕಾಲ ಮುದ್ರಣದ ಬಣ್ಣವನ್ನು ಸರಿನೋಡಲು ಬಿಳಿಯ ಮೈಬಣ್ಣದ ಸ್ತ್ರೀಯರ ಚಿತ್ರಗಳೇ ಅಳತೆಗೋಲಾಗಿದ್ದವು. ಇಂದು ಪ್ರವಾಸಿಗರು ಮೊಬೈಲನ್ನು ಹಿಡಿದು, ಕೇಳದೆಯೇ, ದಾರಿಬದಿಯ ಮಕ್ಕಳ ಚಿತ್ರಗಳನ್ನು ತೆಗೆದು ಹೋಗುವುದೂ ಅದೇ ಹಳೆಯ ಚಾಳಿಯ ಮುಂದುವರಿಕೆಯಲ್ಲವೆ?

ಹೀಗೆ ಬರೆಯುವ ನಾನು ಅವರಿಗಿಂತ ಮೇಲೆಂದು ಹೇಳಿಕೊಳ್ಳಲಾರೆ. ಹಳಿಯಾಳ ತಾಲೂಕಿನ ಒಂದು ಸಿದ್ದಿ ಕೇರಿಯಲ್ಲಿ, ಮನೆಯ ಮುಂದೆ ಬಿಸಿಲಿಗೆ ಹರವಿದ ಕೌದಿಯೊಂದನ್ನು ಕಂಡೆನು. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಅಲ್ಲಿಯ ಸ್ತ್ರೀಯರು ಹೊಲಿಯುವ ಆ ಕೌದಿಯ ಮುಂದೆ ಅವರ ಮನೆಯ ಹುಡುಗಿಯನ್ನು ನಿಲ್ಲಿಸಬೇಕೆಂಬ ಆಸೆಯಾಯಿತು. “ಆಯೀ, ಮೊಮ್ಮಗಳದೊಂದು ಫೋಟೋ ತೆಗೆಯಲೇ?” ಎಂದು ಮುದುಕಿಯನ್ನು ಕೇಳಿದೆನು. ಆಕೆ ಕೆಲಸವನ್ನು ನಿಲ್ಲಿಸದೆಯೇ ಹೇಳಿದಳು: “ತೆಗಿ ತಮ್ಮಾ. ಇವಳ ತಾಯಿ ಸಣ್ಣವಳಿದ್ದಾಗಲೂ ಒಬ್ಬರು ತೆಗೆದುಕೊಂಡು ಹೋದರು. ತಂದುಕೊಡುತ್ತೇವೆ ಅಂದರು. ಮಗಳು ತೀರಿಹೋದಳು; ಫೋಟೋ ಬರಲಿಲ್ಲ.”

ನನ್ನ ಕೈ ಗುಂಡಿಯ ಮೇಲೆಯೇ ನಿಂತಿತು. ಹಿಂದಿನ ವರ್ಷ ಮುಂಡಗೋಡದ ಕಡೆ ತೆಗೆದ ಎಂಟು ಮಕ್ಕಳ ಚಿತ್ರಗಳು ನನ್ನ ಮೇಜಿನ ಸೆಳೆಖಾನೆಯಲ್ಲಿ ಬಿದ್ದಿದ್ದುದು ಆಗ ನೆನಪಾಯಿತು. ಅಂದು ಹುಡುಗಿಯ ಎರಡು ಚಿತ್ರಗಳನ್ನು ತೆಗೆದು, ಹದಿನೈದು ದಿನಗಳೊಳಗೆ ಮುದ್ರಿಸಿಕೊಂಡು ನಾನೇ ಹೋದೆನು. ಮುದುಕಿಯು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ತಾಯಿಯದೇ ಹಣೆ” ಎಂದಳು, ಬೇರೇನನ್ನೂ ಹೇಳಲಿಲ್ಲ. ಬಳಿಕ ಮುಂಡಗೋಡದ ಚಿತ್ರಗಳನ್ನೂ ಒಯ್ದೆನು. ಆರು ಮಕ್ಕಳು ದೊರೆತರು. ಎರಡು ಕುಟುಂಬಗಳು ಕೂಲಿಯನ್ನರಸಿ ಬೇರೆಡೆಗೆ ಹೋಗಿದ್ದವು. ಆ ಎರಡು ಚಿತ್ರಗಳು ಇಂದಿಗೂ ನನ್ನ ಬಳಿಯಲ್ಲಿಯೇ ಸಾಲದಂತೆ ಉಳಿದಿವೆ.

ಬಡವರ ಮನೆಯಲ್ಲಿ ಒಂದು ಚಿತ್ರದ ಬೆಲೆಯೇನೆಂಬುದನ್ನು ಜೋಯಿಡಾ ತಾಲೂಕಿನವರು ಬಲ್ಲರು. ಕಾಳೀ ನದಿಗೆ ಅಣೆಕಟ್ಟನ್ನು ಕಟ್ಟಿದಾಗ ತಾಲೂಕಿನ ಹಿಂದಿನ ಮುಖ್ಯ ಸ್ಥಳವಾದ ಸೂಪಾ ಊರು ನೀರಿನಲ್ಲಿ ಮುಳುಗಿತು. ಮುಖ್ಯ ಸ್ಥಳವು ಜೋಯಿಡಾಕ್ಕೆ ಬಂದಿತು. ಬಾಲ್ಯದ ಅಂಗಳವೇ ನೀರಿನ ತಳದಲ್ಲಿರುವವನಿಗೆ ಆ ಅಂಗಳದಲ್ಲಿ ತೆಗೆದ ಒಂದು ಚಿತ್ರವು ಬರಿಯ ಅಲಂಕಾರವಲ್ಲ.

ಮಕ್ಕಳ ಚಿತ್ರಗಳಿಗೆ ಹೆಸರಾದ ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರ ಕೃತಿಗಳು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಅಂತಹ ಗೌರವವು ಎಲ್ಲರಿಗೂ ದೊರೆಯಲಾರದು. ಆದರೆ ತೆಗೆದ ಚಿತ್ರವನ್ನು ಮಗುವಿನ ಮನೆಯ ಗೋಡೆಗೆ ತಲಪಿಸುವ ಪುಣ್ಯವು ಎಲ್ಲರಿಗೂ ಸಾಧ್ಯ. ಈಗ ನಾನು ಹೆತ್ತವರ ಒಪ್ಪಿಗೆಯನ್ನು ಕೇಳಿ, ಮಗುವಿನ ಹೆಸರನ್ನೂ ಮನೆಯ ಗುರುತನ್ನೂ ಬರೆದುಕೊಂಡ ಮೇಲೆಯೇ ಕ್ಯಾಮೆರಾವನ್ನು ಬಿಚ್ಚುತ್ತೇನೆ. ಎಂಟೇ ಚಿತ್ರಗಳಿರುವುದು ಇಲ್ಲಿ ಉಪಕಾರವೇ ಸರಿ; ಎಂಟು ಮನೆಗಳ ಬಾಗಿಲನ್ನು ನೆನಪಿಡುವುದು ಕಷ್ಟವಲ್ಲ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕೆಳಗಿಳಿಸುವ ವಾಚಕರು ಸುರುಳಿಯೊಡನೆ ಒಂದು ಸಣ್ಣ ಪುಸ್ತಕವನ್ನೂ ಪೆನ್ಸಿಲನ್ನೂ ಚೀಲದಲ್ಲಿ ಇಟ್ಟುಕೊಳ್ಳಲಿ ಎಂಬುದೇ ನನ್ನ ಬಿನ್ನಹ.