ಮಾಂಟೆ ಕಾರ್ಲೋ ದ್ಯೂತಗೃಹದ ಆದಾಯಮೂಲ

ದ್ಯೂತದಿಂದ ರಾಜಾದಾಯವನ್ನು ಪಡೆಯುವ ಪದ್ಧತಿ ಹೊಸತಲ್ಲ. ಜೂಜನ್ನೆಲ್ಲ ಒಂದೇ ಸ್ಥಳದಲ್ಲಿ ನಡೆಯಿಸಿ, ಗೆದ್ದ ಹಣದಲ್ಲಿ ನೂರಕ್ಕೆ 5ರಂತೆ ದ್ಯೂತಾಧ್ಯಕ್ಷನು ತೆಗೆದುಕೊಳ್ಳತಕ್ಕದ್ದೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಅಲ್ಲಿ ಪಾಲು ಬಹಿರಂಗವಾದುದು; ಗೆದ್ದವನೇ ಅದನ್ನು ಎಣಿಸಿ ಕೊಡುತ್ತಾನೆ. ಯೂರೋಪಿನ ಕ್ಯಾಸಿನೊಗಳಾದರೋ ಆ ಪಾಲನ್ನು ಆಟದ ಒಳಗೇ ಅಡಗಿಸಿದುವು. ಇದರ ಪರಿಣಾಮವನ್ನು ಮೊನಾಕೋ ಸಂಸ್ಥಾನದ ಇತಿಹಾಸದಿಂದ ವಿಶದಪಡಿಸಲೆಳಸುತ್ತೇವೆ.

ರೂಲೆಟ್ ಚಕ್ರದಲ್ಲಿ 1ರಿಂದ 36ರವರೆಗಿನ ಅಂಕಿಗಳೂ ಒಂದು ಸೊನ್ನೆಯೂ ಸೇರಿ 37 ಮನೆಗಳಿವೆ. ಒಂದು ಮನೆಯ ಮೇಲೆ ಒಂದು ನಾಣ್ಯವನ್ನೊಡ್ಡಿ ಗೆದ್ದವನಿಗೆ, ಅವನ ನಾಣ್ಯವೂ ಸೇರಿ, 36 ದೊರೆಯುತ್ತವೆ. ಎಲ್ಲ ಮನೆಗಳ ಮೇಲೂ ಒಂದೊಂದು ನಾಣ್ಯವನ್ನಿಟ್ಟವನು 37ನ್ನು ಕೊಟ್ಟು 36ನ್ನು ಪಡೆಯುತ್ತಾನೆ. ಮಿಕ್ಕ ಒಂದು ನಾಣ್ಯ, ಅಂದರೆ ನೂರಕ್ಕೆ ಸುಮಾರು 2.7, ದ್ಯೂತಗೃಹದ್ದು. ಚಕ್ರವನ್ನು ತಿದ್ದಿ ವಂಚಿಸುವ ಅಗತ್ಯವೇ ಇಲ್ಲ. ಗೆದ್ದವನಿಗೆ ತಾನು ತೆತ್ತುದರ ಅರಿವಿಲ್ಲ. ಸೋತವನು ತನ್ನ ಅದೃಷ್ಟವನ್ನು ಹಳಿಯುತ್ತಾನೆ.

ಎರಡು ಸೊನ್ನೆಗಳಿರುವ ಚಕ್ರದಲ್ಲಿ ಈ ಪಾಲು ನೂರಕ್ಕೆ 5.26ರಷ್ಟಾಗುತ್ತದೆ. 1840ರ ದಶಕದಲ್ಲಿ ಜರ್ಮನಿಯ ಹೋಂಬುರ್ಗ್ ಪಟ್ಟಣದಲ್ಲಿ ಫ್ರಾನ್ಸ್ವಾ ಬ್ಲಾಂ ಎಂಬ ಫ್ರೆಂಚನು ಒಂದು ಸೊನ್ನೆಯನ್ನು ತೆಗೆದುಹಾಕಿದನು. ಇದು ಔದಾರ್ಯವಲ್ಲ, ಲೆಕ್ಕಾಚಾರ. ನಿಧಾನವಾಗಿ ಸೋಲುವವನು ಮೇಜಿನ ಬಳಿ ಹೆಚ್ಚು ಹೊತ್ತು ಕುಳಿತಿರುತ್ತಾನೆ, ಮರುವರ್ಷವೂ ಬರುತ್ತಾನೆ.

ಮೊನಾಕೋ 1861ರಲ್ಲಿ ತನ್ನ ನೆಲದ ಬಹುಭಾಗವಾದ ಮಾಂತೋ ಮತ್ತು ರೋಕ್‌ಬ್ರುನ್‌ಗಳನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟು, ಆದಾಯಕ್ಕಾಗಿ ಪರದಾಡುತ್ತಿದ್ದಿತು. 1863ರಲ್ಲಿ ಬ್ಲಾಂ ಅಲ್ಲಿಯ ದ್ಯೂತದ ಹಕ್ಕನ್ನು ಕೊಂಡನು. 1866ರಲ್ಲಿ ಆ ಗುಡ್ಡಕ್ಕೆ ಮೂರನೆಯ ಚಾರ್ಲ್ಸ್ ದೊರೆಯ ಗೌರವಾರ್ಥವಾಗಿ ಮಾಂಟೆ ಕಾರ್ಲೋ ಎಂಬ ಹೆಸರಾಯಿತು. 1868ರಲ್ಲಿ ರೈಲುಮಾರ್ಗವು ಬಂದಿತು. ಮರುವರ್ಷವೇ ಪ್ರಜೆಗಳ ಮೇಲಣ ನೇರ ತೆರಿಗೆಗಳು ರದ್ದಾದುವು. ಆದರೆ ಅದೇ ಪ್ರಜೆಗಳು ಕ್ಯಾಸಿನೊದಲ್ಲಿ ಜೂಜಾಡುವುದು ನಿಷಿದ್ಧ! ಆಟದ ಗುಣವನ್ನು ಅರಮನೆಯು ಚೆನ್ನಾಗಿ ಅರಿತಿದ್ದಿತೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ನಮಗೆ ಬೇಕಾಗಿಲ್ಲ. 1872ರ ಕೊನೆಗೆ ಜರ್ಮನಿಯ ದ್ಯೂತಗೃಹಗಳು ಮುಚ್ಚಲ್ಪಟ್ಟುದರಿಂದ ಅಲ್ಲಿಯ ಸಿರಿವಂತರೂ ಇತ್ತ ತಿರುಗಿದರು.

ಇನ್ನು ಆಕರ್ಷಣೆಯ ವಿಚಾರ. ಹೋಟೆಲು, ಉದ್ಯಾನ, 1879ರಲ್ಲಿ ಗಾರ್ನಿಯೇ ಕಟ್ಟಿದ ನಾಟಕಶಾಲೆ ಇವೆಲ್ಲ ಇದ್ದುವು. ಆದರೆ ಗೆದ್ದವನ ಸುದ್ದಿಗೆ ಸಮನಾದ ಜಾಹೀರಾತು ಬೇರಿಲ್ಲ. ಒಂದು ಮೇಜಿನ ಹಣವೆಲ್ಲ ತೀರಿದರೆ ಅದರ ಮೇಲೆ ಕಪ್ಪುಬಟ್ಟೆ ಹೊದಿಸುತ್ತಿದ್ದರು. ಉಗ್ರಾಣದಿಂದ ಹಣ ಬಂದೊಡನೆ ಆಟ ಮತ್ತೆ ಸಾಗುತ್ತಿದ್ದಿತು. 1891ರಲ್ಲಿ ಚಾರ್ಲ್ಸ್ ವೆಲ್ಸ್ ಎಂಬ ಇಂಗ್ಲಿಷನು ಹಲವು ಸಲ ಹೀಗೆ ಮೇಜನ್ನು ಬರಿದುಮಾಡಲು, ಪತ್ರಿಕೆಗಳು ಅದನ್ನು ಸಾರಿದುವು, ಲಂಡನ್ನಿನ ರಂಗಮಂದಿರಗಳಲ್ಲಿ ಹಾಡೂ ಹುಟ್ಟಿತು. ವೆಲ್ಸನು ಪರರ ಹಣವನ್ನು ವಂಚಿಸಿದುದಕ್ಕಾಗಿ 1893ರಲ್ಲಿ ಸೆರೆಮನೆ ಸೇರಿದನು.